625ರ ಗುಳಿಗೆಯೊಳಗಿನ ಕಾವಲುಗಾರ

(ಮಳಖೇಡದಲ್ಲಿ ಜರುಗಿದ ಸಂಘದ ವಾರ್ಷಿಕ ಶೈಕ್ಷಣಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಭೆಗಳಲ್ಲಿ ಇಲ್ಮ್‌ನ ಮಹತ್ವದ ಬಗ್ಗೆ ಮಾತನಾಡುವುದು ವಾಡಿಕೆ. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಉಲೇಮಾಗಳು ಇಲ್ಲಿಯೇ ಕುಳಿತಿದ್ದಾರೆ. ಆದ್ದರಿಂದ ನಾನು ಇಂದು ಒಂದೇ ಒಂದು ಗುಳಿಗೆಯ ಬಗ್ಗೆ ಮಾತನಾಡುತ್ತೇನೆ. ನಿಮ್ಮೆಲ್ಲರ ಮನೆಯಲ್ಲೂ ಅದು ಒಂದಲ್ಲ ಒಂದು ಸಲ ಬಂದು ಹೋಗಿದೆ. ಔಷಧಿ ಅಂಗಡಿಯ ಮುಂದೆ ನಿಂತು "ಸಿಕ್ಸ್ ಟ್ವೆಂಟಿಫೈವ್ ನಾಲ್ಕು ಕೊಡ್ರಿ" ಎಂದು ಕೇಳುವವರನ್ನು ನೀವು ನೋಡಿದ್ದೀರಿ. ಗುಳಿಗೆಗೆ ಹೆಸರೇ ಇಲ್ಲ, ಸಂಖ್ಯೆಯೇ ಹೆಸರು. ಎಷ್ಟೋ ಸಲ ವೈದ್ಯರ ಚೀಟಿಯೂ ಇರುವುದಿಲ್ಲ.

ಈ 625 ಎಲ್ಲಿಂದ ಬಂತು? 500 ಮಿಲಿಗ್ರಾಂ ಅಮಾಕ್ಸಿಸಿಲಿನ್, 125 ಮಿಲಿಗ್ರಾಂ ಕ್ಲಾವುಲಾನಿಕ್ ಆಮ್ಲ, ಕೂಡಿಸಿದರೆ 625. ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಟುಂಬಕ್ಕೆ ಸೇರಿದ ಪ್ರತಿಜೀವಕ, ಅಂದರೆ ಆಂಟಿಬಯೋಟಿಕ್. ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಅದೇ. ಉಳಿದ 125 ಮಿಲಿಗ್ರಾಂ ತಾನಾಗಿಯೇ ಯಾವ ಬ್ಯಾಕ್ಟೀರಿಯಾವನ್ನೂ ಹೇಳಿಕೊಳ್ಳುವಷ್ಟು ಕೊಲ್ಲುವುದಿಲ್ಲ. ಹಾಗಿದ್ದರೂ ಅದನ್ನು ಯಾಕೆ ಹಾಕಿದ್ದಾರೆ, ಅದಕ್ಕಾಗಿ ನಾವು ಯಾಕೆ ಹೆಚ್ಚು ಹಣ ಕೊಡುತ್ತೇವೆ ಎಂಬುದು ನನ್ನ ಇಂದಿನ ವಿಷಯ.

ಮೊದಲು ಗೋಡೆಯ ವಿಚಾರ. ಫರಸಿ ಕಲ್ಲಿನ ಸೀಮೆಯವರಿಗೆ, ಸಿಮೆಂಟ್ ಕಾರ್ಖಾನೆಯ ಸೈರನ್ ಕೇಳಿ ಏಳುವವರಿಗೆ ಗೋಡೆಯ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟ ಮಾತ್ರಕ್ಕೆ ಗೋಡೆ ನಿಲ್ಲುವುದಿಲ್ಲ, ಗೌಂಡಿ ನಡುವೆ ಸಿಮೆಂಟ್ ಹಾಕಿ ಬಿಗಿಯಬೇಕು. ಬ್ಯಾಕ್ಟೀರಿಯಾದ ಸುತ್ತಲೂ ಅಂಥದೇ ಒಂದು ಗೋಡೆ ಇದೆ. ಅದು ಬೆಳೆಯುವಾಗ, ಒಂದು ಎರಡಾಗುವಾಗ, ಆ ಗೋಡೆಯನ್ನು ಎಡೆಬಿಡದೆ ಒಡೆದು ಕಟ್ಟುತ್ತಲೇ ಇರಬೇಕು. ಕಟ್ಟುವ ಕೆಲಸ ಮಾಡುವುದು ಕೆಲವು ಕಿಣ್ವಗಳು. ಕಿಣ್ವ ಎಂದರೆ ಜೀವಿಯೊಳಗಿನ ಕೆಲಸಗಾರ ಪ್ರೋಟೀನು. ನಮ್ಮ ಬಾಯಿಯ ಜೊಲ್ಲಿನಲ್ಲಿದ್ದುಕೊಂಡು ರೊಟ್ಟಿಯ ಪಿಷ್ಟವನ್ನು ಸಿಹಿಯಾಗಿ ಒಡೆಯುವುದೂ ಒಂದು ಕಿಣ್ವವೇ. ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೌಂಡಿಯ ಕೈಗೆ ಒಂದು ಕಳ್ಳ ಕಲ್ಲಿನಂತೆ ಸಿಕ್ಕಿ ಅಲ್ಲೇ ಅಂಟಿಕೊಂಡುಬಿಡುತ್ತದೆ. ಕೈ ಕಟ್ಟಿಹೋದ ಗೌಂಡಿ ಗೋಡೆ ಮುಗಿಸಲಾರ. ಒಳಗಿನ ಒತ್ತಡಕ್ಕೆ ಬ್ಯಾಕ್ಟೀರಿಯಾ ಒಡೆದುಹೋಗುತ್ತದೆ. ಮನುಷ್ಯನ ಜೀವಕೋಶಕ್ಕೆ ಇಂಥ ಗೋಡೆ ಇಲ್ಲದ್ದರಿಂದ ನಮಗೆ ಅಪಾಯ ಕಡಿಮೆ. ವೈರಸ್‌ಗೂ ಈ ಗೋಡೆ ಇಲ್ಲ. ಆದ್ದರಿಂದ ನೆಗಡಿಗೆ, ಫ್ಲೂ ಜ್ವರಕ್ಕೆ, ಡೆಂಗಿಗೆ 625 ನುಂಗಿದರೆ ಇಲ್ಲದ ಗೋಡೆಯನ್ನು ಕೆಡವಲು ಹಾರೆ ಹಿಡಿದುಕೊಂಡು ಹೋದಂತೆ.

ಪೆನಿಸಿಲಿನ್ ಅಣುವಿನ ಶಕ್ತಿ ಎಲ್ಲ ಇರುವುದು ಅದರ ನಡುವಿನ ಒಂದು ಪುಟ್ಟ ಉಂಗುರದಲ್ಲಿ. ನಾಲ್ಕೇ ಪರಮಾಣುಗಳ ಈ ಉಂಗುರಕ್ಕೆ ಬೀಟಾ-ಲ್ಯಾಕ್ಟಮ್ ಎಂದು ಹೆಸರು. ಎಳೆದು ಕಟ್ಟಿದ ಬಿಲ್ಲಿನಂತೆ ಅದು ಸದಾ ಬಿಗಿಯಾಗಿರುತ್ತದೆ. ಅದನ್ನು ಕತ್ತರಿಸಿದರೆ ಔಷಧ ಸತ್ತಂತೆಯೇ. ಬ್ಯಾಕ್ಟೀರಿಯಾಗಳ ಬಳಿ ಅದನ್ನು ಕತ್ತರಿಸುವ ಕತ್ತರಿ ಇದೆ. ಅದೂ ಒಂದು ಕಿಣ್ವವೇ, ಹೆಸರು ಬೀಟಾ-ಲ್ಯಾಕ್ಟಮೇಸ್. ಈ ಕತ್ತರಿ ಔಷಧ ಬಂದ ಮೇಲೆ ಹುಟ್ಟಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಆಕ್ಸ್‌ಫರ್ಡಿನ ಎಡ್ವರ್ಡ್ ಅಬ್ರಹಾಂ ಮತ್ತು ಅರ್ನ್‌ಸ್ಟ್ ಚೈನ್ ಪೆನಿಸಿಲಿನ್ನನ್ನು ಹಾಳುಮಾಡುವ ಕಿಣ್ವವೊಂದು ಬ್ಯಾಕ್ಟೀರಿಯಾಗಳಲ್ಲಿದೆ ಎಂದು ಪ್ರಕಟಿಸಿದ್ದು 1940ರ ಡಿಸೆಂಬರಿನಲ್ಲಿ. ಆಕ್ಸ್‌ಫರ್ಡಿನಲ್ಲೇ ಸೋಂಕಿನಿಂದ ಸಾಯುತ್ತಿದ್ದ ಒಬ್ಬ ಪೊಲೀಸನಿಗೆ ಪೆನಿಸಿಲಿನ್ ಚಿಕಿತ್ಸೆ ಆರಂಭವಾದದ್ದು 1941ರ ಫೆಬ್ರವರಿಯಲ್ಲಿ. ಅಂದರೆ ರೋಗಿಯ ಮಂಚದ ಬಳಿಗೆ ಔಷಧ ಬರುವ ಮುಂಚೆಯೇ ಅದರ ವೈರಿ ಪತ್ತೆಯಾಗಿತ್ತು. ಮಣ್ಣಿನಲ್ಲಿ ಶಿಲೀಂಧ್ರಗಳಿಗೂ ಬ್ಯಾಕ್ಟೀರಿಯಾಗಳಿಗೂ ಕೋಟ್ಯಂತರ ವರ್ಷಗಳಿಂದ ನಡೆದಿರುವ ಜಗಳದಲ್ಲಿ ನಾವು ನಿನ್ನೆ ಮೊನ್ನೆ ಬಂದು ಒಂದು ಪಕ್ಷ ಸೇರಿದವರು.

ಈ ಕತ್ತರಿಯ ವೇಗ ಕೇಳಿದರೆ ಆಶ್ಚರ್ಯವಾಗುತ್ತದೆ. ಒಂದೇ ಒಂದು ಕಿಣ್ವದ ಅಣು ಒಂದು ಸೆಕೆಂಡಿನಲ್ಲಿ ಸಾವಿರದಷ್ಟು ಪೆನಿಸಿಲಿನ್ ಅಣುಗಳನ್ನು ಕತ್ತರಿಸಿ ಹಾಕಬಲ್ಲದು. ಕರುಳಿನ ಇ. ಕೋಲಿ, ಕ್ಲೆಬ್ಸಿಯೆಲ್ಲಾ ಮುಂತಾದವುಗಳಲ್ಲಿ ಇದು ಹೊರಗಿನ ಪದರಕ್ಕೂ ಒಳಗಿನ ಪದರಕ್ಕೂ ನಡುವೆ ಇರುವ ಪಡಸಾಲೆಯಂಥ ಜಾಗದಲ್ಲಿ ಕಾದು ಕುಳಿತಿರುತ್ತದೆ. ಔಷಧ ಬಾಗಿಲು ದಾಟಿ ಒಳಗೆ ಬಂತೋ, ಗೌಂಡಿಯನ್ನು ಮುಟ್ಟುವ ಮುಂಚೆಯೇ ಅದರ ಉಂಗುರ ತುಂಡಾಗುತ್ತದೆ. ಔಷಧದ ಪ್ರಮಾಣ ಹೆಚ್ಚಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ಕತ್ತರಿಸುವವನ ಮುಂದೆ ಎಷ್ಟು ಸುರಿದರೂ ಸಾಲದು.

ಇಲ್ಲಿಗೆ ಬರುತ್ತದೆ ನಮ್ಮ 125. ಇಂಗ್ಲೆಂಡಿನ ಬೀಚಮ್ ಕಂಪನಿಯ ವಿಜ್ಞಾನಿಗಳು 1970ರ ದಶಕದಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ಅವರು ಹುಡುಕಿದ್ದು ಬ್ಯಾಕ್ಟೀರಿಯಾ ಕೊಲ್ಲುವ ಹೊಸ ವಸ್ತುವನ್ನಲ್ಲ, ಕತ್ತರಿಯನ್ನು ಮೊಂಡು ಮಾಡುವ ವಸ್ತುವನ್ನು. ಪ್ರಶ್ನೆಯನ್ನೇ ಬದಲಾಯಿಸಿದ ಈ ಜಾಣತನ ನನಗೆ ಬಹಳ ಮೆಚ್ಚುಗೆ. ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಅವರಿಗೆ ಕ್ಲಾವುಲಾನಿಕ್ ಆಮ್ಲವನ್ನು ಕೊಟ್ಟಿತು. ಅದರಲ್ಲೂ ಪೆನಿಸಿಲಿನ್ನಿನಂಥದೇ ಉಂಗುರ ಇದೆ. ಕತ್ತರಿ ಅದನ್ನು ಪೆನಿಸಿಲಿನ್ ಎಂದೇ ತಿಳಿದು ಬಾಯಿ ಹಾಕುತ್ತದೆ. ಉಂಗುರವೇನೋ ಒಡೆಯುತ್ತದೆ, ಆದರೆ ಒಡೆದ ತುಂಡು ಹೊರಗೆ ಬೀಳುವುದಿಲ್ಲ, ಕತ್ತರಿಯ ಅಲಗುಗಳ ನಡುವೆ ರೂಪ ಬದಲಿಸಿಕೊಂಡು ಬೆಸೆದುಕೊಳ್ಳುತ್ತದೆ. ಕತ್ತರಿ ಅಲ್ಲಿಗೆ ನಿಷ್ಕ್ರಿಯ. ಈ ಕಾರಣಕ್ಕೆ ರಸಾಯನಶಾಸ್ತ್ರಜ್ಞರು ಇದನ್ನು ಆತ್ಮಾಹುತಿ ಪ್ರತಿಬಂಧಕ ಎಂದು ಕರೆಯುತ್ತಾರೆ. ತಾನೂ ಸತ್ತು ವೈರಿಯನ್ನೂ ಕೆಡವಿ, ಹಿಂದೆ ಬರುವ ಅಮಾಕ್ಸಿಸಿಲಿನ್ನಿಗೆ ದಾರಿ ಬಿಡುತ್ತದೆ. 1981ರಲ್ಲಿ ಇವೆರಡೂ ಕೂಡಿದ ಗುಳಿಗೆ ಇಂಗ್ಲೆಂಡಿನ ಮಾರುಕಟ್ಟೆಗೆ ಬಂತು. ಆಮೇಲೆ ಸಲ್ಬ್ಯಾಕ್ಟಮ್, ಟಾಜೋಬ್ಯಾಕ್ಟಮ್ ಬಂದವು. ಆಸ್ಪತ್ರೆಗಳಲ್ಲಿ ಸಲಾಯಿನ್ ಮೂಲಕ ಹಾಕುವ ಪೈಪರಾಸಿಲಿನ್-ಟಾಜೋಬ್ಯಾಕ್ಟಮ್ ಇದೇ ಮನೆತನದ್ದು.

ಹಳ್ಳಿಯಿಂದ ಬಂದ ರೈತ ಬಾಂಧವರಿಗೆ ಇದನ್ನು ಹೊಲದ ಭಾಷೆಯಲ್ಲಿ ಹೇಳುತ್ತೇನೆ. ತೊಗರಿಗೆ ಹೂ ಬಂದು ಕಾಯಿ ಕಟ್ಟುವ ಹೊತ್ತಿಗೆ ಬರುವ ಕಾಯಿಕೊರಕ ಹುಳುವನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. 1997-98ರ ಹಂಗಾಮಿನಲ್ಲಿ ತೊಗರಿ ಕೈಕೊಟ್ಟು ನಮ್ಮ ಜಿಲ್ಲೆಯ ರೈತರು ಪಟ್ಟ ಪಾಡು ಹಿರಿಯರಿಗೆ ಮರೆತಿರಲಾರದು. ಅದಕ್ಕೆ ಸುಮಾರು ಹತ್ತು ವರ್ಷ ಮೊದಲೇ, 1987ರ ವೇಳೆಗೆ, ಆಂಧ್ರದ ಹತ್ತಿಯ ಹೊಲಗಳಲ್ಲಿ ಈ ಹುಳು ಪೈರೆಥ್ರಾಯ್ಡ್ ಎಣ್ಣೆಗಳಿಗೆ ಬಗ್ಗದಂತಾಗಿತ್ತು. ಎಣ್ಣೆಯನ್ನು ಹೊಟ್ಟೆಯೊಳಗೇ ಮುರಿದು ಹಾಕುವ ಕಿಣ್ವಗಳು ಆ ಹುಳುವಿನಲ್ಲಿ ಹೆಚ್ಚಾಗಿದ್ದವು. ಕೃಷಿ ವಿಜ್ಞಾನಿಗಳ ಬಳಿ ಇದಕ್ಕೆ ಪೈಪೆರೊನಿಲ್ ಬ್ಯುಟಾಕ್ಸೈಡ್ ಎಂಬ ವಸ್ತು ಇದೆ. ಬಳಸುವ ಪ್ರಮಾಣದಲ್ಲಿ ಅದೊಂದೇ ಹುಳುವನ್ನು ಕೊಲ್ಲುವಂಥದಲ್ಲ, ಹುಳುವಿನ ಕಿಣ್ವವನ್ನು ಕಟ್ಟಿಹಾಕುತ್ತದೆ, ಆಗ ಎಣ್ಣೆ ತನ್ನ ಕೆಲಸ ಮಾಡುತ್ತದೆ. ಮಲೇರಿಯಾ ಸೊಳ್ಳೆ ಮೊಂಡಾಗಿರುವ ಕಡೆ ಇದನ್ನೇ ಸೇರಿಸಿದ ಸೊಳ್ಳೆ ಪರದೆಗಳನ್ನು ಬಳಸಲು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಸಲಹೆ ಕೊಟ್ಟಿತು. ಹೊಲದ ಹುಳು, ಮನೆಯ ಸೊಳ್ಳೆ, ದೇಹದ ಬ್ಯಾಕ್ಟೀರಿಯಾ ಮೂರೂ ಮೊಂಡಾಗುವುದಕ್ಕೆ ಒಂದು ಮುಖ್ಯ ದಾರಿ ಇದು, ಮೂರಕ್ಕೂ ಹುಡುಕಿದ ಉಪಾಯವೂ ಒಂದೇ ಬಗೆಯದು. ಅಂದಹಾಗೆ ತೊಗರಿ ಗಿಡವನ್ನು ಅಲ್ಲಾಡಿಸಿ ಹುಳು ಉದುರಿಸಿಕೊಳ್ಳುವ ನಮ್ಮ ಹಿರಿಯರ ಉಪಾಯಕ್ಕೆ ಯಾವ ಹುಳುವೂ ಇನ್ನೂ ಕಿಣ್ವ ಕಂಡುಹಿಡಿದಿಲ್ಲ!

ಈಗ ಮುಖ್ಯ ಮಾತು. ಈ ಕಾವಲುಗಾರ ಎಲ್ಲ ಕಡೆಯೂ ಕೆಲಸಕ್ಕೆ ಬರುವುದಿಲ್ಲ. ಮಕ್ಕಳ ಗಂಟಲು ಕೆಂಪಾಗಿ ಕೀವು ಕಟ್ಟಿಸುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಬಳಿ ಈ ಕತ್ತರಿಯೇ ಇಲ್ಲ. ಎಂಬತ್ತು ವರ್ಷಗಳಾದರೂ ಅದಕ್ಕೆ ಬರಿಯ ಪೆನಿಸಿಲಿನ್ ಸಾಕಾಗುತ್ತಿದೆ. ಅಲ್ಲಿ 625 ಕೊಟ್ಟರೆ 125 ಮಿಲಿಗ್ರಾಂ ಕಾವಲುಗಾರ ಕಳ್ಳನಿಲ್ಲದ ಮನೆಗೆ ಬಂದಂತೆ. ಬಂದವನು ಸುಮ್ಮನೆಯೂ ಕೂರುವುದಿಲ್ಲ. ಈ ಗುಳಿಗೆಯಿಂದ ಹೊಟ್ಟೆ ಕೆಡುವುದಕ್ಕೆ ಹೆಚ್ಚಿನ ಪಾಲು ಕ್ಲಾವುಲಾನಿಕ್ ಆಮ್ಲವೇ ಕಾರಣ. ಅಪರೂಪಕ್ಕೆ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಕಾಮಾಲೆಯೂ ಬರುತ್ತದೆ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಪೆನಿಸಿಲಿನ್ನಿಗೆ ಮೊಂಡಾಗುವುದು ಕತ್ತರಿಯಿಂದ ಅಲ್ಲ, ಗೌಂಡಿಯ ಕೈಯ ಆಕಾರವನ್ನೇ ಬದಲಾಯಿಸಿಕೊಂಡು. ಎಂ.ಆರ್.ಎಸ್.ಎ. ಎಂದು ಕರೆಯುವ ಹುಣ್ಣು-ಕೀವಿನ ಬ್ಯಾಕ್ಟೀರಿಯಾವೂ ಹಾಗೆಯೇ, ಔಷಧ ಅಂಟದ ಹೊಸ ಗೌಂಡಿಯನ್ನು ತಂದಿಟ್ಟುಕೊಂಡಿದೆ. ಇವುಗಳ ಮುಂದೆ 125 ನಿರುಪಯೋಗಿ. "ಸಾದಾ ಗುಳಿಗೆ ಬ್ಯಾಡ, ಪವರ್ ಜಾಸ್ತಿ ಇರೋದು ಕೊಡ್ರಿ" ಎಂದು ಅಂಗಡಿಯಲ್ಲಿ ಕೇಳುವುದು ಅರ್ಥವಿಲ್ಲದ ಮಾತು ಎಂದು ನಾನು ಹೇಳುವುದು ಇದಕ್ಕೇ. 625 ಎಂದರೆ 500ಕ್ಕಿಂತ ಜೋರಾದ ಗುಳಿಗೆ ಎಂದು ಅರ್ಥವಲ್ಲ, ಬೇರೆ ಕೆಲಸದ ಗುಳಿಗೆ ಎಂದು ಅರ್ಥ.

ಇನ್ನೊಂದು ವಿಷಯ ತಾಯಂದಿರು ಗಮನವಿಟ್ಟು ಕೇಳಬೇಕು. ಈ ಔಷಧದ ಮಕ್ಕಳ ಸಿರಪ್ ಒಣ ಪುಡಿಯಾಗಿ ಬರುತ್ತದೆ, ಕುದಿಸಿ ಆರಿಸಿದ ನೀರು ಬೆರೆಸಿ ಕೊಡುತ್ತೇವೆ. ಕ್ಲಾವುಲಾನಿಕ್ ಆಮ್ಲಕ್ಕೆ ತೇವವೂ ಆಗದು, ಬಿಸಿಯೂ ಆಗದು. ಗುಳಿಗೆಯನ್ನು ಎರಡೂ ಕಡೆ ಅಲ್ಯೂಮಿನಿಯಂ ಇರುವ ದಪ್ಪ ಪಟ್ಟಿಯಲ್ಲಿ ಒಂದೊಂದಾಗಿ ಮುಚ್ಚಿ ಕೊಡುವುದು ಅಂದಕ್ಕಲ್ಲ. ನೀರು ಬೆರೆಸಿದ ಸಿರಪ್ಪನ್ನು ಫ್ರಿಜ್ಜಿನಲ್ಲಿಟ್ಟು ಸಾಮಾನ್ಯವಾಗಿ 7 ದಿನದೊಳಗೆ ಮುಗಿಸಿ, ಉಳಿದದ್ದನ್ನು ಚೆಲ್ಲಬೇಕೆಂದು ಬಾಟಲಿಯ ಮೇಲೆ ಬರೆದಿರುತ್ತದೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲು, ಮೇಲೆ ಕರೆಂಟು ಹೋಗುವ ಕಾಟ. ಫರಸಿ ಚಾವಣಿಯ ಮನೆಯ ಗೂಡಿನಲ್ಲಿ ಇಟ್ಟ ಬಾಟಲಿಯಲ್ಲಿ ಮೊದಲು ಸಾಯುವುದು ಕಾವಲುಗಾರ, ಅಮಾಕ್ಸಿಸಿಲಿನ್ ಆಮೇಲೆ. ರುಚಿ ಹೆಚ್ಚು ಕಡಿಮೆ ಅದೇ ಇರುತ್ತದೆ, ಅಳತೆಯೂ ಅದೇ. ಮಗು ಮಾತ್ರ ಗುಣವಾಗುವುದಿಲ್ಲ. ಒಳಗಿನ ಬ್ಯಾಕ್ಟೀರಿಯಾಕ್ಕೆ ದಿನಕ್ಕೆರಡು ಸಲ ಕಾವಲಿಲ್ಲದ ಔಷಧವನ್ನು ಕೊಟ್ಟು ಅಭ್ಯಾಸ ಮಾಡಿಸಿದಂತಾಗುತ್ತದೆ. ಕಳೆದ ತಿಂಗಳು ಅಣ್ಣನಿಗೆ ತಂದ ಬಾಟಲಿಯ ಉಳಿಕೆಯನ್ನು ಈ ತಿಂಗಳು ತಂಗಿಗೆ ಕುಡಿಸುವುದಂತೂ ಖಂಡಿತ ಬೇಡ.

ಬ್ಯಾಕ್ಟೀರಿಯಾಗಳು ಸುಮ್ಮನೆ ಕುಳಿತಿಲ್ಲ. ಕತ್ತರಿಯ ಗುಟ್ಟು ಬರೆದಿರುವ ಜೀನುಗಳು ಪ್ಲಾಸ್ಮಿಡ್ ಎಂಬ ಚಿಕ್ಕ ಬಳೆಗಳಲ್ಲಿರುತ್ತವೆ, ಅವನ್ನು ಒಂದು ಬ್ಯಾಕ್ಟೀರಿಯಾ ಮತ್ತೊಂದಕ್ಕೆ ದಾಟಿಸುತ್ತದೆ. ಪರೀಕ್ಷಾ ಹಾಲ್‌ನಲ್ಲಿ ಚೀಟಿ ದಾಟಿದಂತೆ ಎಂದರೆ ವಿದ್ಯಾರ್ಥಿಗಳಿಗೆ ಬೇಗ ತಿಳಿಯುತ್ತದೆ, ಇಲ್ಲಿ ಸ್ಕ್ವಾಡ್ ಮಾತ್ರ ಇಲ್ಲ. ಪೆನಿಸಿಲಿನ್ ಜೊತೆಗೆ ಮೂರನೇ ಪೀಳಿಗೆಯ ಸೆಫಲೋಸ್ಪೋರಿನ್‌ಗಳನ್ನೂ ಕತ್ತರಿಸುವ ಅಗಲ ಬಾಯಿಯ ಕತ್ತರಿ 1983ರಲ್ಲಿ ಜರ್ಮನಿಯಲ್ಲಿ ವರದಿಯಾಯಿತು. ಇಂದು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಅದು ದಿನನಿತ್ಯದ ಸಂಗತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೊಡ್ಡ ಆಸ್ಪತ್ರೆಗಳಿಂದ ಪ್ರತಿ ವರ್ಷ ಲೆಕ್ಕ ತೆಗೆಯುತ್ತದೆ. 2017ರಲ್ಲಿ ಅಲ್ಲಿ ಪರೀಕ್ಷಿಸಿದ ಇ. ಕೋಲಿ ಮಾದರಿಗಳಲ್ಲಿ ಶೇಕಡಾ 57ರಷ್ಟು ಪೈಪರಾಸಿಲಿನ್-ಟಾಜೋಬ್ಯಾಕ್ಟಮ್‌ಗೆ ಬಗ್ಗುತ್ತಿದ್ದವು. 2023ರ ಹೊತ್ತಿಗೆ ಅದು ಶೇಕಡಾ 42ರ ಆಸುಪಾಸಿಗೆ ಇಳಿದಿತ್ತು. ಆರೇ ವರ್ಷಗಳ ಅಂತರ ಇದು. ಒಂಬತ್ತನೇ ತರಗತಿಯ ಹುಡುಗ ಡಿಗ್ರಿ ಮುಗಿಸುವಷ್ಟರಲ್ಲಿ ಕಾವಲುಗಾರನ ಬಲ ಇಷ್ಟು ಕುಗ್ಗಿತು.

ಇದಕ್ಕಿಂತ ಕಠಿಣವಾದದ್ದು ಎನ್.ಡಿ.ಎಂ. ಎಂಬ ಕತ್ತರಿ. ದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು 2008ರಲ್ಲಿ ಸ್ವೀಡನ್ನಿಗೆ ಮರಳಿದ ಭಾರತೀಯ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ ಇದು ಸಿಕ್ಕಿತು, 2009ರಲ್ಲಿ ನ್ಯೂಡೆಲ್ಲಿಯ ಹೆಸರಿನಲ್ಲಿಯೇ ಪ್ರಕಟವಾಯಿತು. 2010ರಲ್ಲಿ ಇದರ ಹಬ್ಬುವಿಕೆಯ ವರದಿ ಬಂದಾಗ ನಮ್ಮಲ್ಲಿ ದೊಡ್ಡ ಗದ್ದಲವಾಯಿತು, ದೇಶದ ಹೆಸರು ಕೆಡಿಸುವ ಹುನ್ನಾರವೆಂದು ಪಾರ್ಲಿಮೆಂಟಿನಲ್ಲೂ ಮಾತಾಯಿತು. ಹೆಸರಿನ ಬಗ್ಗೆ ಬೇಸರ ಸಹಜವೇ. ಆದರೆ ಮರುವರ್ಷ ಪ್ರಕಟವಾದ ಅಧ್ಯಯನದಲ್ಲಿ ದೆಹಲಿಯ 50 ಕುಡಿಯುವ ನೀರಿನ ಮಾದರಿಗಳಲ್ಲಿ 2ರಲ್ಲಿ, ಬೀದಿಯಲ್ಲಿ ನಿಂತ ಕೊಳೆ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಈ ಜೀನು ಕಂಡಿತ್ತು. ಹೆಸರಿಗಿಂತ ಆ ನೀರಿನ ಬಗ್ಗೆ ನಾವು ಗದ್ದಲ ಮಾಡಬೇಕಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಎನ್.ಡಿ.ಎಂ.ನ ಅಲಗಿನಲ್ಲಿ ಎರಡು ಸತುವಿನ ಪರಮಾಣುಗಳಿವೆ. ಅದು ಕತ್ತರಿಸುವ ರೀತಿಯೇ ಬೇರೆ, ಹಾಗಾಗಿ ಕ್ಲಾವುಲಾನಿಕ್ ಆಮ್ಲವಾಗಲಿ, ಟಾಜೋಬ್ಯಾಕ್ಟಮ್ ಆಗಲಿ, 2015ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹೊಸ ಅವಿಬ್ಯಾಕ್ಟಮ್ ಆಗಲಿ ಅದನ್ನು ಹಿಡಿಯಲಾರವು. ಕೊನೆಯ ಅಸ್ತ್ರಗಳೆಂದು ಇಟ್ಟುಕೊಂಡಿದ್ದ ಮೆರೋಪೆನೆಮ್‌ನಂಥ ಚುಚ್ಚುಮದ್ದುಗಳನ್ನೂ ಅದು ತುಂಡರಿಸುತ್ತದೆ. ನಮ್ಮ ರಾಜ್ಯದಲ್ಲೇ ಇದರ ಮೇಲೆ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ವ್ಯಾಂಕೊಮೈಸಿನ್ ಎಂಬ ಹಳೆಯ ಔಷಧಕ್ಕೆ ಸತುವನ್ನು ಹಿಡಿಯುವ ಕೊಕ್ಕೆಯೊಂದನ್ನು ಜೋಡಿಸಿತು. ಸತು ಕೈತಪ್ಪಿದ ಎನ್.ಡಿ.ಎಂ. ಮೊಂಡಾಗಿ, ಮೆರೋಪೆನೆಮ್ ಮತ್ತೆ ಕೆಲಸ ಮಾಡಿತು ಎಂದು ಅವರು 2018ರಲ್ಲಿ ಪ್ರಕಟಿಸಿದರು. ಇದು ಪ್ರಯೋಗಾಲಯದ ಮಾತು. ಅಲ್ಲಿಂದ ರೋಗಿಯ ಮಂಚದ ತನಕ ಬಹಳ ದೂರದ ದಾರಿ ಇದೆ.

ಆ ದಾರಿಯನ್ನು ಪೂರ್ತಿ ನಡೆದ ಒಂದು ಔಷಧದ ಕಥೆ ನಮ್ಮ ಪಕ್ಕದ ಚೆನ್ನೈಯದು. ಆರ್ಕಿಡ್ ಕಂಪನಿಯ ವಿಜ್ಞಾನಿಗಳು ಟಾಜೋಬ್ಯಾಕ್ಟಮ್‌ನ ರಚನೆಯನ್ನು ಸ್ವಲ್ಪ ಬದಲಿಸಿ ಎನ್‌ಮೆಟಾಜೋಬ್ಯಾಕ್ಟಮ್ ಮಾಡಿದರು. ಅದು ಬ್ಯಾಕ್ಟೀರಿಯಾದೊಳಗೆ ಇನ್ನಷ್ಟು ಸಲೀಸಾಗಿ ನುಗ್ಗುತ್ತದೆ. ಮುಂದಿನ ಪರೀಕ್ಷೆಗಳಿಗೆ ಬೇಕಾದ ಹಣಕ್ಕಾಗಿ ಅದನ್ನು ಯುರೋಪಿನ ಕಂಪನಿಯೊಂದಕ್ಕೆ ಒಪ್ಪಿಸಬೇಕಾಯಿತು. ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಕೊನೆಯ ಹಂತದ ಪರೀಕ್ಷೆಯಲ್ಲಿ ಕಠಿಣ ಮೂತ್ರನಾಳದ ಸೋಂಕು ಈ ಹೊಸ ಜೋಡಿಯಿಂದ ಶೇಕಡಾ 79 ಜನರಲ್ಲಿ ಗುಣವಾದರೆ, ಹಳೆಯ ಪೈಪರಾಸಿಲಿನ್-ಟಾಜೋಬ್ಯಾಕ್ಟಮ್‌ನಿಂದ ಶೇಕಡಾ 59 ಜನರಲ್ಲಿ. 2024ರ ಫೆಬ್ರವರಿಯಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಇದೂ ಎನ್.ಡಿ.ಎಂ.ಗೆ ಅಲ್ಲ, ಅಗಲ ಬಾಯಿಯ ಕತ್ತರಿಗೆ. ಎನ್.ಡಿ.ಎಂ.ಗಾಗಿ ವೈದ್ಯರು ಬೇರೆ ಜಾಣತನ ಮಾಡಿದರು. ಆಜ್ಟ್ರಿಯೋನಾಮ್ ಎಂಬ ಹಳೆಯ ಔಷಧವನ್ನು ಎನ್.ಡಿ.ಎಂ. ಕತ್ತರಿಸಲಾರದು, ಆದರೆ ಅದರ ಜೊತೆಗಿರುವ ಬೇರೆ ಕತ್ತರಿಗಳು ಕತ್ತರಿಸುತ್ತವೆ. ಆ ಬೇರೆಯವನ್ನು ಅವಿಬ್ಯಾಕ್ಟಮ್ ಹಿಡಿದುಕೊಂಡರೆ ಕೆಲಸ ಆಯಿತು. ಈ ಜೋಡಿಗೆ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಅನುಮತಿ ಸಿಕ್ಕಿತು.

ಹಳೆಯ ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮ ಗುಲ್ಬರ್ಗದ ಜೊತೆಗಿದ್ದ ಔರಂಗಾಬಾದಿನಲ್ಲೂ ಒಂದು ಕೆಲಸ ನಡೆದಿದೆ. ಹಬೀಲ್ ಖೋರಾಕಿವಾಲಾ ಅವರು ಕಟ್ಟಿದ ವೋಕಾರ್ಡ್ ಕಂಪನಿಯ ಸಂಶೋಧನಾ ಕೇಂದ್ರ ಅಲ್ಲಿದೆ. ಅವರ ಜಿಡೆಬ್ಯಾಕ್ಟಮ್ ಕತ್ತರಿಯ ಗೊಡವೆಗೆ ಹೆಚ್ಚು ಹೋಗದೆ ಗೌಂಡಿಯ ಇನ್ನೊಂದು ಕೈಯನ್ನೇ ಹಿಡಿಯುತ್ತದೆ, ಜೊತೆಯ ಸೆಫೆಪಿಮ್ ಮೊದಲನೆಯ ಕೈಯನ್ನು. ಖ್ವಾಜಾ ಅಬ್ದುಲ್ ಹಮೀದ್ ಅವರು ಜರ್ಮನಿಯಲ್ಲಿ ರಸಾಯನಶಾಸ್ತ್ರ ಓದಿ ಬಂದು 1935ರಲ್ಲಿ ಸಿಪ್ಲಾ ಸ್ಥಾಪಿಸಿದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಪಿ.ಯು. ವಿಜ್ಞಾನದಲ್ಲಿರುವ ಮಕ್ಕಳೇ, ನೀಟ್‌ನಲ್ಲಿ ರ‍್ಯಾಂಕ್ ಬರಲಿಲ್ಲವೆಂದು ಮನೆಯವರು ಮುಖ ಸಣ್ಣದು ಮಾಡಿದರೆ ಈ ಹೆಸರುಗಳನ್ನು ಅವರಿಗೆ ಹೇಳಿ. ಕಲಬುರಗಿಯಲ್ಲಿ ಫಾರ್ಮಸಿ ಕಾಲೇಜು ಇದೆ, ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಶಾಸ್ತ್ರ ವಿಭಾಗ ಇದೆ, 371(ಜೆ) ಅಡಿಯಲ್ಲಿ ನಮ್ಮ ಭಾಗದವರಿಗೆ ಮೀಸಲು ಸೀಟುಗಳಿವೆ. ಡಾಕ್ಟರ್ ಬರೆಯುವ ಔಷಧವನ್ನು ಯಾರೋ ಒಬ್ಬರು ಕಂಡುಹಿಡಿಯಲೇಬೇಕಲ್ಲ.

ಹೊಸ ಔಷಧಗಳು ಬರಲು ಹತ್ತು ಹದಿನೈದು ವರ್ಷ, ಬಂದರೂ ಅವೆಲ್ಲ ಐ.ಸಿ.ಯು. ಔಷಧಗಳು, ಅವುಗಳ ಬಿಲ್ಲು ಕಟ್ಟಲು ಹೊಲ ಒತ್ತೆ ಇಡಬೇಕಾಗುತ್ತದೆ. ನಮ್ಮ ಕೈಯಲ್ಲಿರುವುದು 625. ಅದನ್ನು ಉಳಿಸಿಕೊಳ್ಳುವ ಮಾತಾಡೋಣ. ಪಟ್ಟಿಯ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿಯಿಲ್ಲದೆ ಮಾರುವ ಔಷಧವಲ್ಲ. ಸೆಫಿಕ್ಸಿಮ್‌ನಂಥ ಮೂರನೇ ಪೀಳಿಗೆಯ ಗುಳಿಗೆಗಳಿಗೆ 2014ರ ಮಾರ್ಚ್ 1ರಿಂದ ಎಚ್-1 ನಿಯಮ ಜಾರಿಯಲ್ಲಿದೆ; ರೋಗಿಯ ಮತ್ತು ವೈದ್ಯರ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ನಮ್ಮ ಸಂಘದಲ್ಲಿಯೇ ಔಷಧಿ ಅಂಗಡಿ ನಡೆಸುವ ಸದಸ್ಯರಿದ್ದಾರೆ. ಆ ಪುಸ್ತಕ ಅವರ ಅಂಗಡಿಗಳಲ್ಲಿ ಕಾಣುವಂತಿರಲಿ ಎಂದು ಕೇಳಿಕೊಳ್ಳುತ್ತೇನೆ.

ರಂಜಾನ್ ತಿಂಗಳಿನ ಮಾತು ಒಂದಿದೆ. ಈ ಔಷಧದ ಸ್ವಭಾವ ಏನೆಂದರೆ, ಒಂದೇ ಸಲ ಬಹಳ ಇರುವುದಕ್ಕಿಂತ ಹೆಚ್ಚು ಹೊತ್ತು ಬೇಕಾದಷ್ಟು ಇರುವುದು ಮುಖ್ಯ. ಬಹಳ ಹೊತ್ತು ಮೈಯಲ್ಲಿ ಔಷಧ ಇಳಿದರೆ ಗೌಂಡಿ ಮತ್ತೆ ಕರಣಿ ಹಿಡಿಯುತ್ತಾನೆ. ಆದರೂ ರೋಜಾದಲ್ಲಿರುವ ಬಹಳ ಜನ ಮೂರು ಹೊತ್ತಿನ 625ನ್ನು ತಾವೇ ಸಹರಿ ಮತ್ತು ಇಫ್ತಾರ್ ಎಂದು ಎರಡು ಹೊತ್ತಿಗೆ ಇಳಿಸುತ್ತಾರೆ. ಹಾಗೆ ಮಾಡಬೇಡಿ. ರೋಜಾ ಇದ್ದೇನೆ ಎಂದು ವೈದ್ಯರಿಗೆ ಮೊದಲೇ ಹೇಳಿ. 875ಕ್ಕೆ 125 ಸೇರಿಸಿದ, ಹನ್ನೆರಡು ಗಂಟೆಗೊಮ್ಮೆ ನುಂಗುವ 1000ದ ಗುಳಿಗೆಯೂ ಇದೆ, ನಿಮಗೆ ಸರಿಹೊಂದುವುದಾದರೆ ಅವರು ಅದನ್ನೇ ಬರೆದಾರು. ಊಟ ಶುರುಮಾಡುವ ಹೊತ್ತಿಗೆ ನುಂಗಿದರೆ ಹೊಟ್ಟೆಗೂ ಒಳ್ಳೆಯದು, ಕ್ಲಾವುಲಾನಿಕ್ ಆಮ್ಲವೂ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ. ಕಾಯಿಲೆ ಜೋರಾಗಿದ್ದರೆ ರೋಗಿಗೆ ರೋಜಾದಿಂದ ವಿನಾಯಿತಿ ಇದೆ, ಬಿಟ್ಟದ್ದನ್ನು ಆಮೇಲೆ ತೀರಿಸಬಹುದು ಎಂಬುದು ನಿಮಗೆಲ್ಲ ತಿಳಿದದ್ದೇ.

ಇನ್ನು ನಾವು ನಡೆಸುವ ಉಚಿತ ವೈದ್ಯಕೀಯ ಶಿಬಿರಗಳು. ಈ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಸೇವೆಯ ಮನಸ್ಸಿನಿಂದಲೇ ಶಿಬಿರ ಮಾಡುತ್ತೇವೆ, ಸಂದೇಹವಿಲ್ಲ. ಆದರೆ ಒಂದೇ ದಿನ ಮುನ್ನೂರು ನಾನೂರು ಜನ ಬಂದಾಗ, ಕೆಮ್ಮು ಎಂದವರಿಗೆಲ್ಲ ಸ್ಯಾಂಪಲ್ ಬಂದ ಪ್ರತಿಜೀವಕದ ಆರು ಗುಳಿಗೆ ಹಂಚಿ ಕಳಿಸುತ್ತೇವೆ. ಬರಿಗೈಯಲ್ಲಿ ಕಳಿಸಿದರೆ ಜನ ಏನಂದಾರು ಎಂಬ ಸಂಕೋಚ. ಎರಡು ದಿನಕ್ಕೆ ಆರು ಗುಳಿಗೆ ಮುಗಿಯುತ್ತದೆ, ಮುಂದಿನದನ್ನು ಕೊಳ್ಳಲು ಅವರ ಬಳಿ ಹಣವಿಲ್ಲ. ಎಷ್ಟು ದಿನದ ಔಷಧ ಬೇಕೆಂಬುದು ರೋಗದ ಮೇಲೆ ಹೋಗುತ್ತದೆ, ಕೆಲವಕ್ಕೆ ಐದು ದಿನ ಸಾಕು, ಕೆಲವಕ್ಕೆ ಹೆಚ್ಚು. ಅದನ್ನು ವೈದ್ಯರು ಹೇಳಬೇಕು, ಡಬ್ಬಿಯಲ್ಲಿ ಉಳಿದ ಗುಳಿಗೆಗಳ ಲೆಕ್ಕ ಹೇಳಬಾರದು. ನನ್ನ ಸೂಚನೆ ಇಷ್ಟೆ: ಮುಂದಿನ ಶಿಬಿರದಲ್ಲಿ ಪ್ರತಿಜೀವಕ ಬೇಕಾದ ಇಪ್ಪತ್ತೋ ಮೂವತ್ತೋ ಜನರಿಗೆ ಪೂರ್ತಿ ಕೋರ್ಸನ್ನು ಸಂಘದ ಹಣದಲ್ಲಿ ಕೊಡೋಣ, ಉಳಿದವರಿಗೆ ಗುಳಿಗೆ ಯಾಕೆ ಬೇಡವೆಂದು ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿ ಸಮಾಧಾನವಾಗಿ ಹೇಳಿಸೋಣ. ಪದೇ ಪದೇ ಉರಿಮೂತ್ರವೆಂದು ಬರುವ ಹೆಣ್ಣುಮಕ್ಕಳ ಮೂತ್ರದ ಮಾದರಿಯನ್ನು ಅಂದೇ ಕಲ್ಚರ್ ಪರೀಕ್ಷೆಗೆ ಕಲಬುರಗಿಗೆ ಕಳಿಸುವ ಏರ್ಪಾಟು ಮಾಡೋಣ. ಮಳಖೇಡದಿಂದ ಸುಮಾರು 40 ಕಿಲೋಮೀಟರ್ ಅಷ್ಟೆ. ಐಸ್ ಡಬ್ಬಿ ಒಂದು ಬೇಕು, ಮೋಟಾರ್ ಸೈಕಲ್ ಇರುವ ಹುಡುಗನೊಬ್ಬ ಬೇಕು.

ಭಾಷಣದ ನಂತರ ಬಂದ ಎರಡು ಪ್ರಶ್ನೆಗಳನ್ನೂ ಸಂಪಾದಕರು ಸೇರಿಸಲು ಹೇಳಿದ್ದಾರೆ. ಹಿರಿಯರೊಬ್ಬರು, ಈ ಔಷಧದಲ್ಲಿ ಪ್ರಾಣಿಜನ್ಯ ವಸ್ತು ಇದೆಯೇ ಎಂದು ಕೇಳಿದರು. ಕ್ಲಾವುಲಾನಿಕ್ ಆಮ್ಲವನ್ನು ದೊಡ್ಡ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಹುದುಗುವಿಕೆಯಿಂದ ತೆಗೆಯುತ್ತಾರೆ. 625 ಮೇಲು ಲೇಪನದ ಗುಳಿಗೆ, ಕ್ಯಾಪ್ಸೂಲ್ ಅಲ್ಲ. ಜೆಲಾಟಿನ್ ಪ್ರಶ್ನೆ ಹೆಚ್ಚಾಗಿ ಏಳುವುದು ಕ್ಯಾಪ್ಸೂಲಿನ ಹೊರಕವಚದ ವಿಷಯದಲ್ಲಿ, ಅದಕ್ಕೆ ಸಸ್ಯಜನ್ಯ ಕವಚಗಳೂ ಬಂದಿವೆ. ಅದರ ಮಸಲಾ ಏನೆಂಬುದನ್ನು ಉಲೇಮಾಗಳೇ ಹೇಳಬೇಕು, ನಾನು ಹೇಳುವುದು ಸರಿಯಲ್ಲ.

ಎರಡನೆಯ ಪ್ರಶ್ನೆ ಚಿಂಚೋಳಿ ಕಡೆಯ ತಾಯಿಯೊಬ್ಬರದು. ಫ್ರಿಜ್ ಇಲ್ಲದವರು ಸಿರಪ್ ಬಾಟಲಿಯನ್ನು ನೀರಿನ ಗಡಿಗೆಯ ಪಕ್ಕ ಒದ್ದೆ ಬಟ್ಟೆ ಸುತ್ತಿ ಇಟ್ಟರೆ ಆದೀತೇ ಎಂದು ಕೇಳಿದರು. ಬಾಟಲಿಗೆ ಬೇಕಾದದ್ದು 2ರಿಂದ 8 ಡಿಗ್ರಿ, ಬೇಸಿಗೆಯಲ್ಲಿ ಗಡಿಗೆಯ ನೀರು ಅಷ್ಟು ತಣ್ಣಗಾಗುವುದಿಲ್ಲ. ಫ್ರಿಜ್ ಇರುವ ನೆರೆಯವರಲ್ಲಿ ಇಟ್ಟು, ಹೊತ್ತು ಹೊತ್ತಿಗೆ ಹೋಗಿ ಕುಡಿಸಿಕೊಂಡು ಬರುವುದು ಒಂದು ದಾರಿ. ಇನ್ನೊಂದು, ಇದೇ ಔಷಧ ಚಮಚ ನೀರಿನಲ್ಲಿ ಕರಗುವ ಮಕ್ಕಳ ಗುಳಿಗೆಯಾಗಿಯೂ ಸಿಗುತ್ತದೆ, ಅದರ ಮೇಲೆ 228.5 ಎಂದು ಬರೆದಿರುತ್ತದೆ. 200 ಅಮಾಕ್ಸಿಸಿಲಿನ್, 28.5 ಕ್ಲಾವುಲಾನಿಕ್ ಆಮ್ಲ. ಒಂದೊಂದೇ ಪಟ್ಟಿ ಬಿಚ್ಚಿ ಆಗಿಂದಾಗ ಕರಗಿಸಿ ಕೊಡುವುದರಿಂದ ಫ್ರಿಜ್ಜಿನ ಹಂಗಿಲ್ಲ. ಮಗುವಿನ ತೂಕ ನೋಡಿ ವೈದ್ಯರು ಬರೆಯಬೇಕು. ಮನೆಯಲ್ಲಿ ಫ್ರಿಜ್ ಇಲ್ಲ ಎಂದು ಅವರಿಗೆ ನಾಚಿಕೆಯಿಲ್ಲದೆ ಹೇಳಿ, ಅವರಾಗಿ ಕೇಳುವುದು ಕಡಿಮೆ.